ಗಿರಿಯ ಮೇಲೆ ಓಡುವವರಿಗೆ ಹಾದಿ ಎಲ್ಲಿ?

ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮಲೆ ಸೀಮೆಯಲ್ಲಿ ದೊಡ್ಡ ಮನುಷ್ಯನೊಬ್ಬ ಓಡಿದ ಅಂದರೆ ಅದಕ್ಕೆ ಎರಡೇ ಕಾರಣ ಇರುತ್ತಿತ್ತು. ಒಂದು, ಬೆಳಗಿನ ಬಸ್ಸು ಹೊರಟುಬಿಟ್ಟಿತು. ಇನ್ನೊಂದು, ಆನೆ ಬಂತು. ಮೂರನೇ ಕಾರಣಕ್ಕೆ ಓಡುವ ಜನ ಈಚಿನ ವರ್ಷಗಳಲ್ಲಿ ಹುಟ್ಟಿಕೊಂಡಿದ್ದಾರೆ. ಭಾನುವಾರ ಬೆಳಗಿನ ಜಾವ ಕೈಮರದ ಹತ್ತಿರ ಹೋಗಿ ನಿಂತರೆ ಅವರು ಕಣ್ಣಿಗೆ ಬೀಳುತ್ತಾರೆ. ಹಣೆಗೆ ಟಾರ್ಚು, ಬೆನ್ನಿಗೆ ನೀರಿನ ಚೀಲ, ಕಾಲಿಗೆ ಗಿಣಿಹಸಿರು ಬಣ್ಣದ ಬೂಟು. ಟೀ ಅಂಗಡಿಯವರು ಮೊದಮೊದಲು "ಯಾಕ್ ಮಾರಾಯ್ರೇ ಓಡ್ತೀರಿ, ಹಿಂದೆ ಯಾರು ಬರ್ತಿದಾರೆ?" ಅಂತ ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಎರಡು ಬನ್ನು, ಒಂದು ಬಾಳೆಹಣ್ಣು ತೆಗೆದಿಟ್ಟಿರುತ್ತಾರೆ.

ಇದಕ್ಕೆ ಪೇಟೆಯ ಭಾಷೆಯಲ್ಲಿ ಟ್ರೇಲ್ ರನ್ನಿಂಗ್ ಅಂತ ಹೆಸರು. ಡಾಂಬರು ಬಿಟ್ಟು ಕಾಲುಹಾದಿ, ಗಾಡಿಜಾಡು, ಕಾಡುದಾರಿ ಹಿಡಿದು ಓಡುವುದು. ಕನ್ನಡದಲ್ಲಿ 'ಗುಡ್ಡಗಾಡು ಓಟ' ಅಂತ ಹಳೇ ಮಾತೊಂದಿದೆ. ಆದರೆ ಆ ಹೆಸರಿನಲ್ಲಿ ನಡೆಯುವ ಎಷ್ಟೋ ಓಟಗಳಲ್ಲಿ ಗುಡ್ಡವೂ ಇರುವುದಿಲ್ಲ, ಕಾಡೂ ಇರುವುದಿಲ್ಲ. ಕಾಲೇಜಿನ ಗೇಟು ಬಿಟ್ಟು ಹೆದ್ದಾರಿಯಲ್ಲಿ ಅಷ್ಟು ದೂರ ಹೋಗಿ ವಾಪಸು ಬಂದರೆ ಗುಡ್ಡಗಾಡು ಮುಗಿಯಿತು! ಕರ್ನಾಟಕದ ಅತಿ ಎತ್ತರದ ಬೆಟ್ಟವನ್ನು ಹಿತ್ತಲಲ್ಲಿ ಇಟ್ಟುಕೊಂಡ ಊರಿನಲ್ಲೂ ಇದೇ ಕಥೆ.

ಈ ವರದಿಗಾರನೂ ವಾರಕ್ಕೆ ಮೂರು ದಿನ ಓಡುವವನೇ. ಪದಕಕ್ಕಲ್ಲ, ಹೊಟ್ಟೆ ಇಳಿಯಲಿ ಅಂತ. ಆದ್ದರಿಂದ "ಎಲ್ಲಿ ಓಡಬೇಕು, ಯಾವ ಹಾದಿ ಚೆನ್ನ?" ಅಂತ ಕೇಳುವವರು ಬೇಕಾದಷ್ಟು ಜನ. ನನಗೆ ಇಷ್ಟವಾದ ಹಾದಿಗಳನ್ನು ಇಲ್ಲಿ ಹೇಳುತ್ತೇನೆ. ಹೇಳುವಾಗಲೇ ಒಂದು ತಕರಾರನ್ನೂ ಹೇಳಬೇಕಾಗಿದೆ. ಡಾಂಬರು ರಸ್ತೆಯನ್ನು ಕಾರುಗಳು ತುಂಬಿಕೊಂಡಿವೆ, ಕಾಡಿನ ಬಾಯಿಗೆ ಗೇಟು ಬಿದ್ದಿದೆ. ನಡುವೆ ಉಳಿದಿರುವ ನಾಲ್ಕು ಕಾಲುಹಾದಿಗಳನ್ನು ಮಳೆ ಕೊರೆದುಕೊಂಡು ಹೋಗುತ್ತಿದೆ. ಹೀಗಾದರೆ ಈ ಊರಿನಲ್ಲಿ ಹುಟ್ಟಿ ಬೆಳೆದವರು ಓಡುವುದು ಎಲ್ಲಿ ಸ್ವಾಮಿ?

ಸರ್ಪದಾರಿ

ಮೊದಲ ಹೆಸರು ಸರ್ಪದಾರಿಯದೇ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ನಡುವಿನ 840 ಮೀಟರನ್ನು ಡಾಂಬರು ರಸ್ತೆ ಇಪ್ಪತ್ತು ಕಿಲೋಮೀಟರ್ ಸುತ್ತಿ ಏರುತ್ತದೆ. ಸರ್ಪದಾರಿಗೆ ಅಷ್ಟು ಪುರುಸೊತ್ತಿಲ್ಲ. ಗಿರಿ ರಸ್ತೆಯ ಮಗ್ಗುಲಲ್ಲೇ ಶುರುವಾಗಿ, ಹುಲ್ಲಿನ ಬೆನ್ನಿನ ಮೇಲೆ ಹಾವು ಹರಿದಂತೆ ಹರಿದು, ಮೂರು ನಾಲ್ಕು ಕಿಲೋಮೀಟರಿನಲ್ಲಿ ನಿಮ್ಮನ್ನು ಮುಳ್ಳಪ್ಪಸ್ವಾಮಿಯ ಗದ್ದುಗೆಯ ಮುಂದೆ ಎತ್ತಿ ನಿಲ್ಲಿಸುತ್ತದೆ.

ಇದನ್ನು ಓಡಿ ಹತ್ತುತ್ತೇನೆ ಅನ್ನುವವರನ್ನು ನಂಬಬೇಡಿ. ಒಂದಿಷ್ಟು ಓಡುತ್ತಾರೆ, ಮಿಕ್ಕದ್ದನ್ನು ಮಂಡಿಗೆ ಕೈ ಊರಿ ನಡೆಯುತ್ತಾರೆ. ಅದರಲ್ಲಿ ಅವಮಾನ ಏನೂ ಇಲ್ಲ. ಜಗತ್ತಿನ ಎಲ್ಲ ಬೆಟ್ಟದ ಓಟಗಾರರೂ ಕಡಿದಾದ ಏರನ್ನು ನಡೆದೇ ಹತ್ತುವುದು. ಹೆಜ್ಜೆ ಸಣ್ಣದಿರಬೇಕು, ಉಸಿರು ಕೈತಪ್ಪಬಾರದು, ಪಕ್ಕದವರ ಹತ್ತಿರ ಒಂದು ವಾಕ್ಯ ಮಾತಾಡುವಷ್ಟು ದಮ್ಮು ಮಿಗಬೇಕು. ಅಷ್ಟೇ ಲೆಕ್ಕ. ಇನ್ನೊಂದು ವಿಷಯ. ಈ ಹಾದಿಯಲ್ಲಿ ತುದಿ ಬಂತು ಅಂತ ಮೂರು ಸಲ ಅನ್ನಿಸುತ್ತದೆ. ಮೂರು ಸಲವೂ ಅದು ತುದಿಯಲ್ಲ.

ಮೋಸ ಇರುವುದು ಇಳಿಯುವಾಗ. ಹತ್ತುವಾಗ ದಣಿಯುವುದು ಎದೆ, ಇಳಿಯುವಾಗ ಹೊಡೆತ ತಿನ್ನುವುದು ತೊಡೆ ಮತ್ತು ಮಂಡಿ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಫಿಸಿಕ್ಸಿನ ಲೆಕ್ಕ ಬಾರದು. ಆದರೆ ಇಳಿಜಾರಿನಲ್ಲಿ ಉದ್ದ ಹೆಜ್ಜೆ ಹಾಕಿ ಹಿಮ್ಮಡಿ ಊರಿದರೆ ಏನಾಗುತ್ತದೆ ಅಂತ ಮಾರನೇ ದಿನ ಮೆಟ್ಟಿಲು ಇಳಿಯುವಾಗ ಮಂಡಿಯೇ ಪಾಠ ಹೇಳುತ್ತದೆ. ಮೈ ತುಸು ಮುಂದೆ, ಹೆಜ್ಜೆ ಚಿಕ್ಕದು, ಕಣ್ಣು ಪಾದದ ಮೇಲಲ್ಲ, ಮೂರು ಮಾರು ಮುಂದಿನ ಕಲ್ಲಿನ ಮೇಲೆ. ಕೆಳಗೆ ಕಾಫಿ ತೋಟ ಹೇಗೆ ಕಾಣುತ್ತೆ ಅಂತ ನೋಡಬೇಕಾದರೆ ನಿಂತು ನೋಡಿ. ಓಡುತ್ತಾ ನೋಡಿದವರು ಕೈಗೆ ಪಟ್ಟಿ ಕಟ್ಟಿಸಿಕೊಂಡು ಊರಿಗೆ ಹೋಗಿದ್ದಾರೆ.

ಹಾದಿಯುದ್ದಕ್ಕೂ ನೆರಳಿಲ್ಲ, ನೀರಿಲ್ಲ. ಗಾಳಿ ಮಾತ್ರ ಬೇಕಾದಷ್ಟು. ಪೇಟೆಗಿಂತ ತುದಿಯಲ್ಲಿ ನಾಲ್ಕೈದು ಡಿಗ್ರಿ ಚಳಿ ಹೆಚ್ಚು. ಬೆವೆತ ಬನಿಯನ್ನಿಗೆ ಆ ಗಾಳಿ ಬಡಿದರೆ ಇನ್ನೂ ಹೆಚ್ಚು. ತೆಳ್ಳಗಿನ ಗಾಳಿಯಂಗಿ ಒಂದು ಸೊಂಟಕ್ಕೆ ಕಟ್ಟಿಕೊಂಡಿರಬೇಕು. ಮಂಜು ಬಿದ್ದರೆ ಹತ್ತು ಮಾರು ಮುಂದೆ ಕಾಣದು. ಆಗ ಓಡುವ ಮಾತೇ ಇಲ್ಲ. ಹಾದಿ ಬಿಟ್ಟು ಅಡ್ಡ ಇಳಿದರೆ ಕೆಳಗಿರುವುದು ಪ್ರಪಾತ. ಗುಡುಗು ಕೇಳಿದರೆ ಬೋಳು ನೆತ್ತಿಯ ಮೇಲೆ ಎಲ್ಲರಿಗಿಂತ ಎತ್ತರ ನೀವೇ ಅನ್ನುವುದನ್ನು ಜ್ಞಾಪಕ ಇಟ್ಟುಕೊಂಡು ಬೇಗ ಇಳಿಯಿರಿ.

ತುದಿಯಿಂದ ಇನ್ನೊಂದು ಮಗ್ಗುಲಿಗೆ ಐನೂರರ ಆಸುಪಾಸು ಮೆಟ್ಟಿಲು. ಅದರ ಬುಡಕ್ಕೆ ವಾಹನಗಳ ರಸ್ತೆ ಬಂದು ಮುಗಿಯುತ್ತದೆ. ಅಲ್ಲಿಂದ ಸೀತಾಳಯ್ಯನಗಿರಿಗೆ ಡಾಂಬರಿನ ಮೇಲೆ ಇಳಿಯಬಹುದು. ವಾರದ ನಡುವೆ, ಬೆಳಿಗ್ಗೆ ಆರೂವರೆಗೆ, ಇದಕ್ಕಿಂತ ಸೊಗಸಾದ ಇಳಿ ಓಟ ನಮ್ಮ ಜಿಲ್ಲೆಯಲ್ಲಿಲ್ಲ. ಶನಿವಾರ, ಭಾನುವಾರ ಮಾತ್ರ ಬೇಡ. ಒಂದು ಕಾರು ದಾಟಿದರೆ ಇನ್ನೊಂದಕ್ಕೆ ಜಾಗ ಇಲ್ಲದ ರಸ್ತೆಯಲ್ಲಿ ಬಂಪರಿಗೆ ಬಂಪರು ತಾಗಿಕೊಂಡು ನಿಂತಿರುತ್ತವೆ. ಓಡುವವನಿಗೆ ಉಳಿಯುವುದು ಚರಂಡಿ, ಇಲ್ಲವೇ ತಡೆಗೋಡೆ.

ಜಿಲ್ಲಾಡಳಿತ ಕಣ್ಣು ಮುಚ್ಚಿ ಕುಳಿತಿಲ್ಲ, ನಿಜ. 2025ರ ಸೆಪ್ಟೆಂಬರಿನಲ್ಲಿ ಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಆನ್‌ಲೈನ್ ಮುಂಗಡ ನೋಂದಣಿ ತಂದರು. ಬೆಳಿಗ್ಗೆ 600, ಮಧ್ಯಾಹ್ನದ ಮೇಲೆ 600 ವಾಹನ ಅಂತ ಮಿತಿ ಹಾಕಿದರು. ಒಳ್ಳೇದೇ. ಆದರೆ ಈ ಲೆಕ್ಕದಲ್ಲಿ ಇರುವುದು ಚಕ್ರಗಳು ಮಾತ್ರ. ಕಾಲಿಗೆ ಅಂತ ಒಂದು ಗಳಿಗೆಯನ್ನು ಯಾರೂ ಎತ್ತಿಟ್ಟಿಲ್ಲ.

ಕಾಫಿ ತೋಟದ ಗಾಡಿಜಾಡು

ಸರ್ಪದಾರಿ ಹಬ್ಬದೂಟ ಇದ್ದ ಹಾಗೆ. ದಿನಾ ಉಣ್ಣುವ ಅನ್ನ ಸಾರು ಅಂದರೆ ಕಾಫಿ ತೋಟದ ದಾರಿ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರು ಅಂತ ಪ್ರತೀತಿ. ಆ ಏಳು ಬೀಜದ ಉಪಕಾರ ಏನು ಅಂತ ಕೇಳಿದರೆ, ಕಾಫಿಯ ಜೊತೆಗೆ ನಾನು ದಾರಿಯನ್ನೂ ಸೇರಿಸುತ್ತೇನೆ. ತೋಟ ಅಂದಮೇಲೆ ಗೊಬ್ಬರ ಹೋಗಬೇಕು, ಹಣ್ಣು ಬರಬೇಕು, ಆಳುಗಳು ಓಡಾಡಬೇಕು. ಅದಕ್ಕೆ ಗುಡ್ಡದ ಮಗ್ಗುಲು ಕಡಿದು, ಒಂದೇ ಹದದ ಏರು ಇಟ್ಟು ಮಾಡಿದ ಮಣ್ಣಿನ ಜಾಡುಗಳು ಅವು. ಗಾಡಿ ಏರುವ ಏರು ಅಂದರೆ ಓಟಗಾರ ನಿಲ್ಲದೆ ಓಡಬಹುದಾದ ಏರು. ಮೇಲೆ ಸಿಲ್ವರ್ ಓಕು, ಹಾಲವಾಣದ ನೆರಳು. ಕಾಲಡಿ ಎಲೆ ಬಿದ್ದು ಮೆತ್ತಗಾದ ಕೆಮ್ಮಣ್ಣು. ಮಂಡಿ ನೋವಿನ ಮಾತೇ ಇಲ್ಲ.

ಕಾಲ ನೋಡಿ ಹೋಗಬೇಕು. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ಒಂದು ವಾರಕ್ಕೆ ಗಿಡದ ಮೇಲೆ ಮಂಜು ಸುರಿದ ಹಾಗೆ ಬಿಳಿ ಹೂವು. ಮಲ್ಲಿಗೆ ಘಮ. ಆ ದಿನಗಳಲ್ಲಿ ಓಡಿದವರಿಗೆ ಅರ್ಧ ದಾರಿ ಕಳೆದದ್ದೇ ಗೊತ್ತಾಗುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹಣ್ಣು ಬಿಡಿಸುವ ಕಾಲ. ಆಗ ಬೆಳಿಗ್ಗೆ ಎಂಟರ ಮೇಲೆ ತೋಟದೊಳಗೆ ಓಡುವುದು ಬೇಡ. ಹೆಂಗಸರು ಬುಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಇಳಿದಿರುತ್ತಾರೆ, ಪಿಕಪ್ಪು, ಟ್ರಾಕ್ಟರು ಓಡಾಡುತ್ತಿರುತ್ತವೆ. ಅವರಿಗೆ ಅದು ಹೊಟ್ಟೆಪಾಡಿನ ದಾರಿ. ನಮಗೆ ಶೋಕಿ. ಯಾರು ಯಾರಿಗೆ ದಾರಿ ಬಿಡಬೇಕು ಅಂತ ಹೇಳಿಕೊಡಬೇಕಾಗಿಲ್ಲ ತಾನೇ?

ಆದರೂ ಹೇಳಿಕೊಡಬೇಕಾಗಿದೆ. ತೋಟ ಖಾಸಗಿ ಸ್ವತ್ತು. ಊರಿಂದೂರಿಗೆ ಜನ ತಿರುಗಾಡುವ ರೂಢಿದಾರಿ ಬೇರೆ, ತೋಟದೊಳಗಿನ ಜಾಡು ಬೇರೆ. ಎರಡನೆಯದಕ್ಕೆ ಮುಂಚಿನ ದಿನವೇ ಸಾಹುಕಾರರನ್ನೋ, ರೈಟರನ್ನೋ, ಕಡೆಗೆ ಮೇಸ್ತ್ರಿಯನ್ನೋ ಕೇಳಿ. "ಗೌಡ್ರೇ, ನಾಳೆ ಬೆಳಿಗ್ಗೆ ಈ ಕಡೆ ಓಡ್ಲಾ?" ಅಂದರೆ ಬೇಡ ಅನ್ನುವವರು ಕಮ್ಮಿ. ಕೇಳದೆ ನುಗ್ಗಿದರೆ ನಾಯಿ ಕೇಳುತ್ತದೆ. ತೋಟದ ನಾಯಿಗೆ ನಿಮ್ಮ ಬೂಟಿನ ಬೆಲೆ ಗೊತ್ತಿರುವುದಿಲ್ಲ. ಐಬೆಕ್ಸ್ ತಂತಿ ಬೇಲಿ ಕಂಡರೆ ಕರೆಂಟು ಇದೆ ಅಂತಲೇ ತಿಳಿಯಿರಿ. ತೆಗೆದ ಗೇಟು ಹಾಕಿ ಹೋಗಿ. ಕಾಫಿ ಒಣಗಲು ಹರಡಿದ ಕಣದ ಮೇಲೆ ಬೂಟುಗಾಲು ಇಡಬೇಡಿ. ಇಷ್ಟು ಮಾಡಿದರೆ ವಾಪಸು ಬರುವಾಗ ಲೈನ್ ಮನೆ ಮುಂದೆ ನೀರು ಕೊಡುತ್ತಾರೆ, ಬೆಲ್ಲವನ್ನೂ ಕೊಡುತ್ತಾರೆ.

ತೋಟಗಳ ನಡುವೆ ದೊಡ್ಡ ಓಟಗಳೂ ನಡೆಯುತ್ತವೆ. ನಮ್ಮ ಜಿಲ್ಲೆಯ ಕಾಫಿ ಸೀಮೆಯಲ್ಲಿ ನಡೆಯುವ 'ಮಲ್ನಾಡ್ ಅಲ್ಟ್ರಾ' ಓಟಕ್ಕೆ ದೂರದ ಊರುಗಳಿಂದ ಜನ ಬರುತ್ತಾರೆ, ಐವತ್ತು ಕಿಲೋಮೀಟರು, ಅದರ ಮೇಲೂ ಓಡುತ್ತಾರೆ. ದೇಶದಲ್ಲಿ ಇಂಥ ಓಟಗಳಿಗೆ ಪ್ರವೇಶ ಶುಲ್ಕ ಸಾವಿರಗಳ ಲೆಕ್ಕದಲ್ಲಿರುತ್ತದೆ. ದುಡ್ಡು ಕೊಟ್ಟು ಓಡುವವರ ಮೇಲೆ ನನಗೇನೂ ಸಿಟ್ಟಿಲ್ಲ. ನೀರು, ಡಾಕ್ಟರು, ಹಾದಿಗೆ ಗುರುತು ಎಲ್ಲಕ್ಕೂ ಖರ್ಚಿದೆ. ಆದರೆ ಲೈನ್ ಮನೆಯ ಹುಡುಗಿ ಸ್ಕೂಲಿಗೆ ಹೋಗಲು ದಿನಾ ಇದೇ ಏರನ್ನು ಚೀಲ ಹೊತ್ತು ಹತ್ತುತ್ತಾಳಲ್ಲ, ಅವಳಿಗೆ ಎದೆಗೆ ನಂಬರು ಅಂಟಿಸುವವರು ಯಾರು?

ಗಾಳಿಕೆರೆ, ಕೆಮ್ಮಣ್ಣುಗುಂಡಿ

ಕವಿಕಲ್ ಗಂಡಿ, ಅತ್ತಿಗುಂಡಿ ದಾಟಿ ಬಾಬಾಬುಡನ್‌ಗಿರಿಗೆ ಹೋದರೆ ಅಲ್ಲಿಂದ ಮುಂದೆ ಗಾಳಿಕೆರೆ. ಹೆಸರು ಯಾರಿಟ್ಟರೋ ಗೊತ್ತಿಲ್ಲ, ಹೋದವರು ಯಾರೂ ಹೆಸರಿಗೆ ಅರ್ಥ ಕೇಳಿಲ್ಲ. ಹುಲ್ಲಿನ ಬೆಟ್ಟದ ಮಡಿಲಲ್ಲಿ ಪುಟ್ಟ ಕೆರೆ, ಸುತ್ತ ಏರಿಳಿಯುವ ಬೋಳು ಗುಡ್ಡ, ಮಡಿಕೆ ಮಡಿಕೆಯಲ್ಲಿ ಶೋಲಾ ಕಾಡು. ಓಡುವ ಕಾಲಿಗೆ ಇದು ಸ್ವರ್ಗ. ಏರು ಬಂದರೂ ಎದೆ ಒಡೆಯುವಷ್ಟಿಲ್ಲ, ಇಳಿ ಬಂದರೂ ಮಂಡಿ ಮುರಿಯುವಷ್ಟಿಲ್ಲ. ಡಿಸೆಂಬರಿನಲ್ಲಿ ದತ್ತ ಜಯಂತಿಯ ದಿನಗಳಲ್ಲಿ ಗಿರಿಗೆ ಪ್ರವಾಸಿಗಳನ್ನು ಬಿಡುವುದಿಲ್ಲ. ಅದು ತಿಳಿದುಕೊಂಡು ಹೋಗಿ.

2022ರಲ್ಲಿ ಕುರಿಂಜಿ ಅರಳಿದಾಗ ಈ ಗುಡ್ಡಗಳು ನೀಲಿ ಕಂಬಳಿ ಹೊದ್ದಿದ್ದವು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಗಿಡವೂ ಅದರಲ್ಲಿದೆ. ನೋಡಲು ಬಂದವರು ಹೂವಿನ ನಡುವೆ ಫೋಟೋಕ್ಕೆ ನಿಲ್ಲಲಿಕ್ಕೆ ಗಿಡ ತುಳಿದದ್ದು, ಗೊಂಚಲು ಕಿತ್ತದ್ದು ಎಲ್ಲರೂ ಕಂಡದ್ದೇ. ಹೂವೇ ಕಾಯಾಗಿ ಬೀಜ ಉದುರಿದರೆ ತಾನೇ ಮುಂದಿನ ಗಿಡ?

ಕೆಮ್ಮಣ್ಣುಗುಂಡಿ ಬೇರೆ ರುಚಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ತಂಗುತ್ತಿದ್ದ ಜಾಗ. ತೋಟಗಾರಿಕೆ ಇಲಾಖೆಯ ಉದ್ಯಾನ ಇದೆ. ಹೆಸರೇ ಹೇಳುವಂತೆ ಕಬ್ಬಿಣ ಬೆರೆತ ಕೆಂಪು ಮಣ್ಣು. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಈ ಬೆಟ್ಟದಿಂದ. ಇಲ್ಲಿನ ಝೆಡ್ ಪಾಯಿಂಟಿನ ಹಾದಿ ನನಗೆ ಪ್ರೀತಿ. ದೂರ ಜಾಸ್ತಿಯಿಲ್ಲ. ಆದರೆ ಹಾದಿ ಕಿರಿದು, ಒಂದು ಮಗ್ಗುಲು ಬಂಡೆ, ಇನ್ನೊಂದು ಮಗ್ಗುಲು ಬರೀ ಆಕಾಶ. ನಡುವೆ ಶಾಂತಿ ಜಲಪಾತದ ನೀರು ಹಾದಿಯ ಮೇಲೇ ಜಿನುಗುತ್ತದೆ. ಎದುರು ಜನ ಬಂದರೆ ಬಂಡೆಯ ಕಡೆ ಒತ್ತಿ ನಿಂತು ಅವರನ್ನು ಕಳಿಸಿ, ಆಮೇಲೆ ಓಡಿ. ಹೆಬ್ಬೆ ಜಲಪಾತಕ್ಕೆ ಓಡಿಕೊಂಡು ಹೋಗುವ ಯೋಚನೆ ಮಾತ್ರ ಬಿಡಿ. ಅದು ಭದ್ರಾ ಹುಲಿ ಮೀಸಲು ಅರಣ್ಯ, ಇಲಾಖೆಯವರು ಗೊತ್ತುಮಾಡಿದ ಜೀಪಿನಲ್ಲೇ ಹೋಗಬೇಕು. ಹುಲಿ ಇರುವ ಕಡೆ ಓಡುವ ಪ್ರಾಣಿ ಯಾವುದು ಅಂತ ಹುಲಿಗೆ ಚೆನ್ನಾಗಿ ಗೊತ್ತು.

ಮೂಡಿಗೆರೆ ಕಡೆಯ ಎತ್ತಿನ ಭುಜ, ಬಲ್ಲಾಳರಾಯನ ದುರ್ಗ, ಕಳಸದ ಕಡೆಯ ಕುದುರೆಮುಖ ಇವೆಲ್ಲ ದೊಡ್ಡ ಹೆಸರುಗಳು. ಕುದುರೆಮುಖ 1,894 ಮೀಟರ್, 1987ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿನ ಅದಿರು ಗಣಿ ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2005ರ ಕೊನೆಗೆ ಬಾಗಿಲು ಹಾಕಿತು. ಇಂಥ ಕಡೆಗಳಿಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ವೆಬ್‌ಸೈಟು ಶುರುವಾಗಿ, ಒಂದು ಹಾದಿಗೆ ದಿನಕ್ಕೆ 300 ಜನ ಅಂತ ಮಿತಿ ಬಂತು. ಅಲ್ಲಿ ನಡೆದು ಹೋಗಿ ಬನ್ನಿ, ಕಣ್ತುಂಬ ನೋಡಿ. ಓಡಲಿಕ್ಕೆ ಆ ಕಾಡು ಬೇಡ ಅನ್ನುವುದು ನನ್ನ ಅಭಿಪ್ರಾಯ. ಓಡುವವನು ಸದ್ದಿಲ್ಲದೆ ತಿರುವಿನಲ್ಲಿ ಪ್ರತ್ಯಕ್ಷನಾಗುತ್ತಾನೆ. ಕಾಟಿಗೆ ಅದು ಹಿಡಿಸುವುದಿಲ್ಲ.

ವರ್ಷಕ್ಕೊಂದು ರಾತ್ರಿಯ ಏರು

ಬೆಟ್ಟ ಹತ್ತುವ ವಿದ್ಯೆಯನ್ನು ಬೂಟಿನ ಕಂಪನಿಗಳು ನಮಗೆ ಕಲಿಸಿದ್ದಲ್ಲ. ದೀಪಾವಳಿಯ ನರಕ ಚತುರ್ದಶಿಗೆ ಮಲ್ಲೇನಹಳ್ಳಿಯ ಬಿಂಡಿಗ ದೇವೀರಮ್ಮನ ಬೆಟ್ಟಕ್ಕೆ ಬನ್ನಿ. ರಾತ್ರಿಯೇ ಜನ ಏರಲು ಶುರು. ಸಾವಿರ ಸಾವಿರ ಜನ, ಬಹಳ ಮಂದಿ ಬರಿಗಾಲು. ಹೆಗಲ ಮೇಲೆ ಹರಕೆಯ ಸೌದೆ. ಕಲ್ಲು ಜಾರುತ್ತದೆ, ಮಣ್ಣು ಜಾರುತ್ತದೆ, ಕೆಲವು ಕಡೆ ಕೈಕಾಲು ನಾಲ್ಕೂ ಊರಬೇಕು. ಅರವತ್ತು ದಾಟಿದ ಅಜ್ಜಿಯರು ಸೀರೆ ಎತ್ತಿ ಕಟ್ಟಿ ನಮ್ಮನ್ನು ದಾಟಿ ಹೋಗುತ್ತಾರೆ. ಹೋಗುವಾಗ "ಕೂತ್ಕಳಪ್ಪ ಒಂದ್ ಗಳಿಗೆ" ಅಂತ ಕನಿಕರ ಬೇರೆ! ಅಂದು ಯಾರೂ ಗಡಿಯಾರ ನೋಡುವುದಿಲ್ಲ, ಮೊದಲು ಬಂದವರಿಗೆ ಬಹುಮಾನವೂ ಇಲ್ಲ. ಅಲ್ಲಿ ಓಡುವುದು ಬೇಡ, ಜನಜಂಗುಳಿಯಲ್ಲಿ ಅಪಾಯ. ಆದರೆ ತಾವು ಬಲಶಾಲಿ ಓಟಗಾರರು ಅಂದುಕೊಂಡವರು ಒಮ್ಮೆ ಹೋಗಿ ಬಂದರೆ ಜಂಬ ಸ್ವಲ್ಪ ಇಳಿಯುತ್ತದೆ.

ಇಂಬಳ, ಉಣುಗು, ಆನೆ

ಹೊರಗಿನಿಂದ ಬರುವವರು ಮೊದಲು ಕೇಳುವುದು ಇಂಬಳದ ಸಂಗತಿ. ಮಳೆಗಾಲದಲ್ಲಿ ಹತ್ತಿಯೇ ಹತ್ತುತ್ತದೆ. ಸುಣ್ಣ, ಹೊಗೆಸೊಪ್ಪು, ಉಪ್ಪು ಏನು ಸವರಿಕೊಂಡರೂ ಒಂದೆರಡಾದರೂ ಬೂಟಿನೊಳಗೆ ಸೇರುತ್ತವೆ. ರಕ್ತ ಸ್ವಲ್ಪ ಹೋಗುತ್ತದೆ, ಪ್ರಾಣ ಹೋಗುವುದಿಲ್ಲ.

ಹೆದರಬೇಕಾದ್ದು ಕಣ್ಣಿಗೆ ಸರಿಯಾಗಿ ಕಾಣದ ಉಣುಗಿಗೆ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಕಡೆ ಮೊದಲು ಪತ್ತೆಯಾದದ್ದು. ಆಮೇಲೆ ನಮ್ಮ ಜಿಲ್ಲೆಗೂ ಬಂದು ಕೊಪ್ಪ, ನರಸಿಂಹರಾಜಪುರದ ಕಡೆ ಜನರನ್ನು ಕಾಡಿದೆ. ಚಳಿಗಾಲ ಮತ್ತು ಬೇಸಿಗೆ ಅದರ ಕಾಲ. ಅಂದರೆ ಓಡಲು ಹವಾ ಚೆನ್ನಾಗಿರುವ ಕಾಲವೇ! ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಂಚಿನಲ್ಲಿ ಓಡುವ ದಿನ ಕಾಲು ತುಂಬ ಬಟ್ಟೆ ಹಾಕಿ. ಕಾಡಿಗೆ ಹೋಗುವ ಜನರಿಗೆ ಇಲಾಖೆ ಹಂಚುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಮಿಂದು, ಬಟ್ಟೆ ಬಿಸಿನೀರಿಗೆ ಹಾಕಿ. ಕಾಡಿಗೆ ಹೋಗಿ ಬಂದ ಮೇಲೆ ಜೋರು ಜ್ವರ, ತಲೆನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಎಲ್ಲಿ ಓಡಿದ್ದಿರಿ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಇನ್ನು ಆನೆ. ಹಾಸನ ಜಿಲ್ಲೆಗೆ ತಾಗಿದ ತಾಲ್ಲೂಕುಗಳ ತೋಟಗಳಲ್ಲಿ ಅದು ನೆಂಟನಲ್ಲ, ಮನೆಯವನೇ ಆಗಿಬಿಟ್ಟಿದೆ. ಇಂದು ಯಾವ ತೋಟದಲ್ಲಿದೆ ಅಂತ ಊರಿನ ವಾಟ್ಸಪ್ಪಿನಲ್ಲಿ ಸುದ್ದಿ ಓಡಾಡುತ್ತದೆ. ಊರಿನವರನ್ನು ಕೇಳದೆ ಅಲ್ಲಿ ಬೂಟಿನ ಲಾಡಿ ಕಟ್ಟಬೇಡಿ. ಕತ್ತಲಲ್ಲಿ, ಮಂಜಿನಲ್ಲಿ, ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುವುದು ಸಾಹಸ ಅಲ್ಲ. ಆನೆಯ ಜೊತೆ ಓಟಕ್ಕೆ ನಿಂತರೆ ಆ ಓಟದಲ್ಲಿ ಎರಡನೇ ಸ್ಥಾನ ಅಂತ ಇಲ್ಲ.

ಓಡುವ ಹೆಣ್ಣುಮಕ್ಕಳ ಮಾತೂ ಇದೆ. ಅವರು ಹೆದರುವುದು ಆನೆಗಿಂತ ಹೆಚ್ಚಾಗಿ ಶನಿವಾರ ರಾತ್ರಿ ಕುಡಿದು ಭಾನುವಾರ ಬೆಳಿಗ್ಗೆಯೂ ರಸ್ತೆ ಪಕ್ಕ ಹಾಡು ಹಾಕಿಕೊಂಡು ಕುಳಿತ ಗುಂಪುಗಳಿಗೆ. ಗುಂಪಾಗಿ ಓಡಿ ಅಂತ ಬುದ್ಧಿ ಹೇಳುವುದು ಸುಲಭ. ಗಿರಿ ರಸ್ತೆಯಲ್ಲಿ ಬೆಳಗಿನ ಜಾವ ಪೊಲೀಸ್ ಜೀಪೊಂದು ಸುತ್ತು ಹಾಕುವುದೂ ಅಂಥ ಕಷ್ಟದ ಕೆಲಸವಲ್ಲ.

ಒಂದು ಅಡ್ಡಹಾದಿಯ ಕಥೆ

ಈಗ ಆ ಮಳೆ ಕೊರೆತದ ತಕರಾರು. ಮುಳ್ಳಯ್ಯನಗಿರಿಯ ಹುಲ್ಲು ನೋಡಲು ಬರೀ ಹುಲ್ಲು. ಅದರ ಬೇರು, ಕೆಳಗಿನ ಕಪ್ಪು ಮಣ್ಣು, ಮಡಿಕೆಯ ಶೋಲಾ ಕಾಡು ಮೂರೂ ಸೇರಿ ಮಳೆಗಾಲದ ನೀರನ್ನು ಹಿಡಿದಿಟ್ಟು, ಮಳೆ ನಿಂತ ಎಷ್ಟೋ ತಿಂಗಳವರೆಗೆ ಹನಿಹನಿಯಾಗಿ ಬಿಡುತ್ತವೆ. ಯಗಚಿ ಹುಟ್ಟುವುದು ಈ ಗಿರಿಶ್ರೇಣಿಯಲ್ಲಿ. ವೇದಾವತಿಯ ಮೂಲವೂ ಇದೇ. ಚಿಕ್ಕಮಗಳೂರು ಪೇಟೆಯ ನಲ್ಲಿಗೆ ಬರುವ ಹಿರೇಕೊಳಲೆ ಕೆರೆಯ ನೀರು, ಯಗಚಿಯ ನೀರು ಎರಡಕ್ಕೂ ತವರು ಈ ಬೆಟ್ಟಗಳ ಸಾಲೇ.

ಹೀಗಿರುವಾಗ ಒಬ್ಬ ಓಟಗಾರ ಸರ್ಪದಾರಿಯ ತಿರುವು ಸುತ್ತುವ ಬೇಸರಕ್ಕೆ ಹುಲ್ಲಿನ ಮೇಲೆ ನೇರ ಇಳಿಯುತ್ತಾನೆ. ಉಳಿಯುವುದು ಹತ್ತು ಮಾರು. ಅವನ ಹಿಂದೆ ನೂರು ಜನ ಅದೇ ಗೆರೆ ಹಿಡಿಯುತ್ತಾರೆ. ಹುಲ್ಲು ಸವೆದು ಮಣ್ಣು ಕಾಣುತ್ತದೆ. ಹಳೇ ಹಾದಿ ಅಡ್ಡಡ್ಡ ಹೋಗುವುದರಿಂದ ಅಲ್ಲಿ ನೀರಿಗೆ ಓಟ ಸಿಗುವುದಿಲ್ಲ. ಈ ಹೊಸ ಗೆರೆ ನೇರ ಕೆಳಕ್ಕೆ. ಜೂನ್ ತಿಂಗಳ ಮೊದಲ ಜಡಿಮಳೆಗೆ ಅದೇ ಕಾಲುವೆ. ಆಗಸ್ಟ್ ಹೊತ್ತಿಗೆ ಮಂಡಿಯುದ್ದ ಕೊರಕಲು. ಬೈಕು, ಜೀಪು ಹತ್ತಿಸುವ ಪುಣ್ಯಾತ್ಮರು ಮಾಡುವ ಗಾಯ ಇದಕ್ಕಿಂತ ಹತ್ತು ಪಟ್ಟು. ಗಿರಿಯ ಬೆನ್ನಿನ ಮೇಲೆ ಬಾರುಕೋಲಿನಲ್ಲಿ ಹೊಡೆದ ಹಾಗೆ ಕೆಂಪು ಬರೆಗಳು ದೂರದಿಂದಲೇ ಕಾಣುತ್ತವೆ. ಆದರೆ ಜೀಪಿನವರನ್ನು ಬೈಯುವ ಮುಂಚೆ ನಮ್ಮ ಬೂಟಿನ ಅಟ್ಟೆಯನ್ನೂ ತಿರುಗಿಸಿ ನೋಡಬೇಕಲ್ಲ. ಆ ಅಟ್ಟೆಗೆ ಮುಳ್ಳು ಇಟ್ಟಿರುವುದೇ ಮಣ್ಣು ಕಚ್ಚಲಿ ಅಂತ. ಹಾದಿಯ ಮೇಲೆ ಕಚ್ಚಲಿ, ಹುಲ್ಲಿನ ಮೇಲೆ ಬೇಡ. ಜಡಿಮಳೆಯ ಎರಡು ಮೂರು ತಿಂಗಳು ಗಿರಿಯ ಕಾಲುಹಾದಿಯನ್ನೇ ಬಿಟ್ಟುಬಿಡಿ ಅನ್ನುವುದು ನನ್ನ ಮಾತು. ಆ ತಿಂಗಳುಗಳಿಗೆ ಹಿರೇಕೊಳಲೆಯ ಕಡೆಯ ರಸ್ತೆ ಇದೆ. ಏರಿಯ ಮೇಲೆ ನಿಂತರೆ ಮೋಡ ಸರಿದಾಗ ಅದೇ ಗಿರಿ ಎದುರಿಗೆ ಕಾಣುತ್ತದೆ.

ಇಷ್ಟು ಓಟಗಾರರ ಪಾಲಿನದು. ಅಧಿಕಾರಿಗಳ ಪಾಲಿನದೂ ಇದೆ. ವಾರದಲ್ಲಿ ಒಂದು ದಿನ, ಜನ ಕಡಿಮೆ ಇರುವ ಮಂಗಳವಾರವೋ ಬುಧವಾರವೋ, ಬೆಳಿಗ್ಗೆ ಎಂಟು ಗಂಟೆಯವರೆಗೆ ಗಿರಿ ರಸ್ತೆಗೆ ಪ್ರವಾಸಿ ವಾಹನ ಬಿಡದೆ ನಡೆಯುವವರಿಗೂ ಓಡುವವರಿಗೂ ಕೊಡಲಿ. ಅತ್ತಿಗುಂಡಿಯ ಜನರ ವಾಹನ, ಬಸ್ಸು, ಹಾಲಿನ ಗಾಡಿ ಬರಲಿ, ಅವು ನಮಗೆ ಅಡ್ಡಿಯಲ್ಲ. ಸರ್ಪದಾರಿಯಲ್ಲಿ ಹೊಸದಾಗಿ ಬಿದ್ದಿರುವ ಅಡ್ಡಗೆರೆಗಳಿಗೆ ಮಳೆಗೆ ಮುಂಚೆ ಕಲ್ಲು, ಕಟ್ಟಿಗೆ ಅಡ್ಡ ಹಾಕಿ ಮುಚ್ಚಲಿ. ಅದಕ್ಕೆ ಟೆಂಡರು ಬೇಕಾಗಿಲ್ಲ. ಒಂದು ಭಾನುವಾರ ಕರೆದರೆ ಗಿಣಿಹಸಿರು ಬೂಟಿನವರೆಲ್ಲ ಹಾರೆ ಹಿಡಿದು ಬರುತ್ತಾರೆ. ಬಾರದಿದ್ದವರ ಹೆಸರನ್ನು ಈ ಅಂಕಣದಲ್ಲಿ ಹಾಕೋಣ!

ಕ್ರೀಡಾ ಇಲಾಖೆಯವರಿಗೂ ಒಂದು ಕೋರಿಕೆ. ಮುಂದಿನ ವರ್ಷದ ಗುಡ್ಡಗಾಡು ಓಟವನ್ನು ಹೆದ್ದಾರಿಯಿಂದ ಎತ್ತಿ, ತೋಟದವರ ಒಪ್ಪಿಗೆ ಪಡೆದು, ಯಾವುದಾದರೂ ಒಂದು ಗಾಡಿಜಾಡಿನ ಮೇಲೆ ಇಡಿ. ಐದು ಕಿಲೋಮೀಟರ್ ಸಾಕು. ಶುಲ್ಕ ಬೇಡ, ಬೂಟು ಇರಲೇಬೇಕೆಂಬ ಷರತ್ತೂ ಬೇಡ. ಲೈನ್ ಮನೆಗಳಿಗೆ, ಗಿರಿಯ ಬುಡದ ಹಾಡಿಗಳಿಗೆ, ಸರ್ಕಾರಿ ಶಾಲೆಗಳಿಗೆ ಹದಿನೈದು ದಿನ ಮುಂಚೆ ಸುದ್ದಿ ಮುಟ್ಟಿಸಿ. ಆ ದಿನ ಯಾರು ಮೊದಲು ಬರುತ್ತಾರೆ ಅಂತ ನೋಡಲು ಈ ವರದಿಗಾರ ಕೊನೆಯ ತಿರುವಿನಲ್ಲಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ನಿಂತಿರುತ್ತಾನೆ.